ಫ್ರಿಜ್ ಮೇಲಿನ ಚೀಟಿ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಿದೇಶದ ದೊಡ್ಡ ನಗರವೊಂದರಲ್ಲಿ ಓದುತ್ತಿರುವ ಹುಡುಗಿ, ವಯಸ್ಸು 23. ಹಾಸ್ಟೆಲಿನಲ್ಲಿ ಆರು ಜನಕ್ಕೆ ಒಂದೇ ಅಡುಗೆಮನೆ. ಸಲಹೆ ಕೇಳಲು ನನಗೆ ಮಾಡಿದ ವಿಡಿಯೋ ಕರೆಯಲ್ಲಿ ಹೇಳಿದ್ದು ಇಷ್ಟೇ: "ಊಟ ಸೇರ್ತಿಲ್ಲ ಮೇಡಂ."

ಮೊದಲ ಸಲ ನಾನೇ ಎಡವಿದೆ. ಮನೆ ನೆನಪು, ಹೊಸ ರುಚಿಗೆ ನಾಲಿಗೆ ಒಗ್ಗಿಲ್ಲ, ಅಷ್ಟೇ ಅಂದುಕೊಂಡೆ. ಹೊಸ ತಿನಿಸನ್ನು ಸ್ವಲ್ಪ ಸ್ವಲ್ಪವೇ ಹಲವು ಸಲ ತಿಂದರೆ ನಿಧಾನವಾಗಿ ಹಿಡಿಸುತ್ತದೆ ಅಂತ ಹೇಳಿ ಕಳಿಸಿದೆ. ಮಾತು ಸುಳ್ಳಲ್ಲ, ಆದರೆ ಅವಳ ಕಷ್ಟ ಅದಾಗಿರಲಿಲ್ಲ. ಎರಡು ವಾರ ಬಿಟ್ಟು ಬಂದಾಗ ಮುಖ ಇನ್ನೂ ಇಳಿದಿತ್ತು.

"ನಿನ್ನೆ ಏನು ತಿಂದಿರಿ, ಎಲ್ಲಿ ಕೂತು ತಿಂದಿರಿ?" ಅಂತ ಕೇಳಿದೆ. 'ಎಲ್ಲಿ' ಅಂದದ್ದೇ ತಡ, ಅತ್ತುಬಿಟ್ಟಳು. ರೂಮಿನ ಬಾಗಿಲು ಹಾಕಿಕೊಂಡು, ಮಂಚದ ಮೇಲೆ, ಒಣ ಬ್ರೆಡ್ಡು. ಒಲೆ ಹಚ್ಚೋದು ರಾತ್ರಿ ಹನ್ನೊಂದರ ನಂತರ, ಎಲ್ಲರೂ ಮಲಗಿದ ಮೇಲೆ.

ಕಾರಣ ಫ್ರಿಜ್‌ಗೆ ಅಂಟಿಸಿದ್ದ ಒಂದು ಹಳದಿ ಚೀಟಿ. ಕೆಳಗೆ ಹೆಸರಿಲ್ಲ. ಹಿಂದಿನ ದಿನ ಅವಳು ಬೆಳ್ಳುಳ್ಳಿ ಹುರಿದಿದ್ದಳು. ಏನು ಬರೆದಿತ್ತು ಅಂತ ಕೇಳಿದರೆ, "ನಿನ್ನ ಅಡುಗೆ ನಾತ ಅಂತ" ಅಂದಳು. ಫೋನಿನಲ್ಲಿ ಫೋಟೋ ಇತ್ತು, ತೆಗೆದು ಓದಿಸಿದೆ. "ಅಡುಗೆ ಮಾಡುವಾಗ ದಯವಿಟ್ಟು ಕಿಟಕಿ ತೆಗೆಯಿರಿ." ಅಷ್ಟೇ ಇತ್ತು.

ಹಾಗಂತ ಅವಳ ನೋವು ಸುಮ್ನೆ ಹುಟ್ಟಿದ್ದಲ್ಲ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರ ಲೇಖನದಲ್ಲಿ 'ಕಲ್ಚರ್ ಶಾಕ್' ಬಗ್ಗೆ ಬರೆಯುತ್ತಾ, ಜನರ ನಡುವೆ ನಮಗೆ ರೂಢಿಯಾದ ಸನ್ನೆ, ಸೂಚನೆಗಳೆಲ್ಲ ಕಳೆದುಹೋದಾಗ ಬರುವ ಆತಂಕ ಅದು ಅಂದಿದ್ದರು. ಅನ್ನ, ನೀರು, ಪಾತ್ರೆ ಬಗ್ಗೆ ಅತಿಯಾಗಿ ಕೊರಗುವುದನ್ನೂ ಅದರ ಲಕ್ಷಣಗಳಲ್ಲಿ ಸೇರಿಸಿದ್ದರು. ಮನೆಯಲ್ಲಾಗಿದ್ದರೆ ಆ ಚೀಟಿಯ ದನಿ ಸಿಟ್ಟಿನದೋ ಸಲಿಗೆಯದೋ ಅವಳಿಗೆ ತಕ್ಷಣ ಗೊತ್ತಾಗುತ್ತಿತ್ತು. ಇಲ್ಲಿ ಗೊತ್ತಾಗಲಿಲ್ಲ. ಅದಕ್ಕೇ ಕೆಟ್ಟದ್ದನ್ನೇ ಓದಿಕೊಂಡಳು.

ವಾಸನೆಯದೂ ಒಂದು ವಿಷಯ ಹೇಳಿದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ನಮ್ಮ ಮೂಗಿಗೆ ಅದು ಗೊತ್ತಾಗೋದೇ ನಿಲ್ಲುತ್ತದೆ, ಹೊರಗಿಂದ ಬಂದವರಿಗೆ ಮಾತ್ರ ಹೊಡೆಯುತ್ತದೆ. ಯಾರ ಬಾಣಲೆಯಾದರೂ ಅಷ್ಟೇ, ಅಲ್ವಾ?

"ಎಲ್ಲರಿಗೂ ಒಂದಿನ ಅಡುಗೆ ಮಾಡಿ ಬಡಿಸ್ಲಾ ಮೇಡಂ?" ಅಂದಳು. ಈಗ ಬೇಡ ಅಂದೆ. ಖುಷಿಗೆ ಬಡಿಸೋದು ಬೇರೆ, ಹೆದರಿ ಬಡಿಸಿದರೆ ಅದು ಲಂಚ. ಅದರ ಬದಲು ಒಬ್ಬರನ್ನು, ಒಬ್ಬರನ್ನೇ, ಎದುರಾಎದುರು ಕೇಳಿ: ನನ್ನ ಅಡುಗೆಯಿಂದ ತೊಂದರೆ ಆಗ್ತಿದೆಯಾ? ಗ್ರೂಪಿನಲ್ಲಿ ಮೆಸೇಜ್ ಹಾಕಬೇಡಿ. ಕಿಟಕಿ ತೆಗೆದು, ಮುಚ್ಚಳ ಮುಚ್ಚಿ, ಸಂಜೆ ಏಳಕ್ಕೇ ಅಡುಗೆ ಮಾಡಿ, ಅಲ್ಲೇ ಮೇಜಿನ ಹತ್ತಿರ ಕೂತು ಊಟ ಮಾಡಿ. ವಾರಕ್ಕೆ ಎರಡು ಸಲ ಸಾಕು. ಯಾರಾದರೂ ಹೀಯಾಳಿಸಿದರೆ ಹಾಸ್ಟೆಲ್ ಕಚೇರಿಗೆ ಬರೆದು ಕೊಡಿ. ತೂಕ ಇಳಿದದ್ದನ್ನು ಡಾಕ್ಟರಿಗೆ ತೋರಿಸಿ.

ಮೂರನೇ ಸಲ ಬಂದಾಗ ಪಕ್ಕದ ರೂಮಿನವಳನ್ನು ಕೇಳಿ ಆಗಿತ್ತು. "ಹೌದು, ನಿನ್ನ ಅಡುಗೆ ನೋಡಿಯೇ ಬರೆದೆ. ನನ್ನ ಕೋಟು ಅಲ್ಲೇ ನೇತು ಹಾಕ್ತೀನಿ, ವಾಸನೆ ಹಿಡಿಯುತ್ತೆ" ಅಂದಳಂತೆ. ಅದು ಕೇಳಿ ಸ್ವಲ್ಪ ಚುಚ್ಚಿತು ಅಂತ ಇವಳು ನನ್ನ ಹತ್ತಿರ ಒಪ್ಪಿಕೊಂಡಳು. ಕೋಟು ಈಗ ರೂಮಿನೊಳಗೆ ಹೋಗಿದೆ. ಇವಳು ಏಳಕ್ಕೆ ಬೆಳ್ಳುಳ್ಳಿ ಹುರಿಯುತ್ತಾಳೆ, ಚಳಿಯಾದರೂ ಕಿಟಕಿ ತೆಗೆದು.