ಬೇಸ್ ಗಿಟಾರ್ ತಂಡದ ನಡುವೆ ಕೇಳಿಸದಿದ್ದರೆ ದೊಡ್ಡ ಆಂಪ್ ಕೊಳ್ಳಬೇಕೇ?

ಈಗಲೇ ಕೊಳ್ಳಬೇಡಿ. ನೀವು ಬರೆದಿರುವುದು ಇಷ್ಟು: ಯಾರೋ ಬಳಸಿದ ನಾಲ್ಕು ತಂತಿಯ ಬೇಸ್ ಗಿಟಾರ್ ನಿಮ್ಮ ಕೈಗೆ ಬಂದಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ) ತಂತಿ ಗರಗರ ಎನ್ನುತ್ತದೆ, ಹನ್ನೆರಡನೆಯ ಫ್ರೆಟ್ ದಾಟಿದ ಮೇಲೆ ಶ್ರುತಿ ಕೂಡುವುದಿಲ್ಲ. 40 ವಾಟ್‌ನ ಆಂಪ್ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಮನೆಯಲ್ಲಿ ಕೋಣೆ ತುಂಬುವಂತೆ ಮೊಳಗುತ್ತದೆ, ಆದರೆ ಡ್ರಮ್ಸ್ ಮತ್ತು ಎರಡು ಗಿಟಾರ್‌ಗಳ ಜೊತೆ ನುಡಿಸಿದರೆ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಆಂಪ್‌ನಲ್ಲಿ ಕೆಳಸ್ವರಗಳನ್ನು ಏರಿಸುವ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಫಲವಿಲ್ಲ.

ಇವನ್ನು ಬೇರೆ ಬೇರೆ ತೊಂದರೆಗಳೆಂದು ನೋಡಬೇಡಿ. ತಂತಿ ಫ್ರೆಟ್‌ಗೆ ಬಡಿದಾಗ ಅದರ ಕಂಪನದ ಬಲ ಅಲ್ಲೇ ಸೋರಿಹೋಗುತ್ತದೆ. ಮೊದಲ ಏಟು ಜೋರಾಗಿ ಕೇಳಿ, ಸ್ವರದ ಒಡಲು ತಕ್ಷಣ ಕುಸಿಯುತ್ತದೆ. ಆಂಪ್ ತನಗೆ ಬಂದದ್ದನ್ನು ಹಿಗ್ಗಿಸುತ್ತದೆಯೇ ಹೊರತು ಬಾರದಿರುವುದನ್ನು ಹುಟ್ಟಿಸುವುದಿಲ್ಲ. ಆದ್ದರಿಂದ ವಾದ್ಯವನ್ನು ಹದಕ್ಕೆ ತಂದ ಮೇಲೆಯೇ ಆಂಪ್ ಕಡೆಗೆ ಹೋಗೋಣ.

ಮೊದಲು ಹೊಸ ತಂತಿ ಹಾಕಿ. ಹಳೆಯ ತಂತಿಯ ಮೇಲೆ ಬೆವರು, ಧೂಳು ಕೂತು ಅದರ ತೂಕ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಅಂಥ ತಂತಿಯಲ್ಲಿ ಎಷ್ಟು ಹೆಣಗಿದರೂ ಶ್ರುತಿ ನಿಲ್ಲುವುದಿಲ್ಲ. ನಿಮ್ಮದು 34 ಅಂಗುಲ ಸ್ಕೇಲ್‌ನ (ಕಂಪಿಸುವ ತಂತಿಯ ಉದ್ದದ) ಸಾಮಾನ್ಯ ಬೇಸ್ ಆಗಿದ್ದರೆ 45ರಿಂದ 105ರ ಸೆಟ್ ಸಾಕು; ಈ ಅಂಕಿಗಳು ತಂತಿಯ ದಪ್ಪ, ಅಂಗುಲದ ಸಾವಿರದ ಭಾಗಗಳಲ್ಲಿ. ಮುಂದೆಯೂ ಅದೇ ದಪ್ಪದ ತಂತಿಗಳನ್ನೇ ಹಾಕಿ, ಏಕೆಂದರೆ ಈಗ ಮಾಡಲಿರುವ ಹೊಂದಾಣಿಕೆಯೆಲ್ಲ ಆ ಎಳೆತಕ್ಕೆ ತಕ್ಕದ್ದು. ನಾಲ್ಕು ತಂತಿಗಳು ಸೇರಿ ನೆಕ್ಕನ್ನು, ಎಂದರೆ ಗಿಟಾರ್‌ನ ಕತ್ತನ್ನು, ಸುಮಾರು 75 ಕಿಲೋ ಬಲದಿಂದ ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರಾಗಿ ನೆಕ್ ಒಳಗೆ ನಿಂತಿರುವ ಉಕ್ಕಿನ ಸರಳೇ ಟ್ರಸ್ ರಾಡ್.

ನಿಮ್ಮ ಗರಗರ ಸದ್ದಿನ ಗುಟ್ಟು ಬಹುಪಾಲು ಇಲ್ಲೇ ಇದೆ. ನೆಕ್ ಪೂರ್ತಿ ನೆಟ್ಟಗಿರಬಾರದು. ಕಂಪಿಸುವ ತಂತಿಗೆ ಜಾಗವಾಗುವಂತೆ ತುಸು ಬಾಗಿರಬೇಕು. ನೋಡುವುದು ಹೀಗೆ: ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿದುಕೊಳ್ಳಿ. ಅತಿ ದಪ್ಪನೆಯ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಕೇಪೋದಿಂದ (ತಂತಿಯನ್ನು ಅದುಮಿ ಹಿಡಿಯುವ ಕ್ಲಿಪ್) ಒತ್ತಿ, ನೆಕ್ ಒಡಲನ್ನು ಸೇರುವ ಜಾಗದ ಫ್ರೆಟ್‌ನಲ್ಲಿ ಬೆರಳಿಂದ ಒತ್ತಿ. ಈಗ ತಂತಿಯೇ ನಿಮ್ಮ ಅಳತೆಪಟ್ಟಿ. ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ಮೇಲ್ತುದಿಗೂ ತಂತಿಯ ತಳಕ್ಕೂ ನಡುವೆ 0.3 ಮಿಲಿಮೀಟರ್ ಆಸುಪಾಸಿನ ಸಂದು ಇರಬೇಕು. ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಪಟ್ಟಿಗಳಿಂದ ಅಳೆಯಬಹುದು. ಸಂದೇ ಇಲ್ಲದೆ ತಂತಿ ಫ್ರೆಟ್‌ಗೆ ಒರಗಿದ್ದರೆ ನೆಕ್ ತೀರಾ ನೆಟ್ಟಗಿದೆ ಅಥವಾ ಹಿಂದಕ್ಕೆ ಬಾಗಿದೆ. ಮೊದಲ ಫ್ರೆಟ್‌ಗಳಲ್ಲಷ್ಟೇ ಸದ್ದು ಬರುವುದಕ್ಕೆ ಇದೇ ಸಾಮಾನ್ಯ ಕಾರಣ. ಟ್ರಸ್ ರಾಡಿನ ತುದಿಯ ನಟ್ಟನ್ನು ಕೀಲಿಯಿಂದ ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ಬಲಕ್ಕೆ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡವೇ ಬೇಡ. ಕೀಲಿ ಕಚ್ಚಿ ಕೂರುವಂತಿರಬೇಕು: ಅಂಗುಲದ ಕೀಲಿಯ ಜಾಗದಲ್ಲಿ ಮಿಲಿಮೀಟರ್ ಕೀಲಿ ತುರುಕಿದರೆ ನಟ್ಟಿನ ಮೂಲೆಗಳು ಸವೆದು, ಆಮೇಲಿನ ರಿಪೇರಿ ದುಬಾರಿಯಾಗುತ್ತದೆ. ಕಾಲು ಸುತ್ತಿಗೇ ವಿಪರೀತ ಬಿಗಿ ಎನಿಸಿದರೆ ಅಲ್ಲೇ ನಿಲ್ಲಿಸಿ, ಕೈಪಳಗಿದವರಿಗೆ ತೋರಿಸಿ.

ಬಿಟ್ಟ ತಂತಿಯಲ್ಲಿ ಮಾತ್ರ ಸದ್ದು ಬಂದು, ಯಾವ ಫ್ರೆಟ್ ಒತ್ತಿದರೂ ಮಾಯವಾದರೆ ಗಿಟಾರ್‌ನ ತಲೆಯ ಕಡೆ ತಂತಿಗಳು ಹಾದುಹೋಗುವ ಪಟ್ಟಿಯಲ್ಲಿ (ಇದಕ್ಕೂ ನಟ್ ಎಂದೇ ಹೆಸರು) ತಂತಿ ಕೂರುವ ಗೀರು ಆಳವಾಗಿದೆ ಎಂದರ್ಥ. ಒಂದೇ ಒಂದು ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಇವೆರಡೂ ಅರ ಹಿಡಿದು ಮಾಡುವ ಕೆಲಸಗಳು, ಮನೆಯಲ್ಲಿ ಕೈಹಾಕಬೇಡಿ.

ನೆಕ್ ಸರಿಹೋದ ಮೇಲೆ ತಂತಿಯ ಎತ್ತರ. ಈ ಕ್ರಮವನ್ನು ತಲೆಕೆಳಗು ಮಾಡುವವರೇ ಹೆಚ್ಚು: ಸದ್ದು ಬಂದ ಕೂಡಲೇ ಬ್ರಿಡ್ಜ್ ಸ್ಯಾಡಲ್‌ಗಳನ್ನು (ಒಡಲಿನ ಮೇಲೆ ತಂತಿಗಳನ್ನು ಹೊತ್ತಿರುವ ತುಣುಕುಗಳನ್ನು) ಏರಿಸುತ್ತಾರೆ, ನುಡಿಸಲು ಕಷ್ಟವಾಯಿತೆಂದು ಮತ್ತೆ ಇಳಿಸುತ್ತಾರೆ, ಮೂಲ ಕಾರಣ ನೆಕ್ಕಿನಲ್ಲೇ ಉಳಿದುಬಿಡುತ್ತದೆ. ಹದಿನೇಳನೆಯ ಫ್ರೆಟ್‌ನ ಮೇಲೆ ಇ ತಂತಿ ಸುಮಾರು 2.4 ಮಿಲಿಮೀಟರ್, ಅತಿ ತೆಳುವಾದ ಜಿ ತಂತಿ 2 ಮಿಲಿಮೀಟರ್ ಎತ್ತರದಲ್ಲಿರಲಿ. ಇದು ಆರಂಭದ ಅಳತೆ ಅಷ್ಟೇ. ಬೆರಳಿನ ಏಟು ಬಲವಾಗಿದ್ದರೆ ಇನ್ನೂ ತುಸು ಏರಿಸಿ. ಆಂಪ್ ಹಾಕದೆ ಕೇಳಿಸುವ ಸಣ್ಣ ಕಿರಿಕಿರಿ ಸ್ಪೀಕರ್‌ನಲ್ಲಿ ಕೇಳಿಸದಿದ್ದರೆ ಅದರ ಗೊಡವೆ ಬೇಡ.

ಇನ್ನು ಶ್ರುತಿಯ ಮಾತು. ಹನ್ನೆರಡನೆಯ ಫ್ರೆಟ್‌ನ ನೇರಕ್ಕೆ ತಂತಿಯನ್ನು ಬರಿದೇ ಮುಟ್ಟಿ ಮೀಟಿದರೆ ಒಂದು ಹಾರ್ಮೋನಿಕ್ ಬರುತ್ತದೆ. ಅದೇ ಜಾಗದಲ್ಲಿ ಒತ್ತಿ ಮೀಟಿದ ಸ್ವರವೂ ಟ್ಯೂನರ್‌ನಲ್ಲಿ ಅದೇ ಗೆರೆಗೆ ಬರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ನೆಕ್ ಕಡೆಗೆ ತನ್ನಿ. ತಿರುಪು ತಿರುಗಿಸುವ ಮುನ್ನ ತಂತಿಯನ್ನು ಸಡಿಲಿಸಿ. ಅನೇಕರು ಬಿಟ್ಟುಬಿಡುವ ಸೂಕ್ಷ್ಮವೊಂದಿದೆ: ಹೊಸ ದಪ್ಪ ತಂತಿ ಸ್ಯಾಡಲ್ ಮೇಲೆ ಚೂಪಾಗಿ ಬಾಗದೆ ಕಮಾನಿನಂತೆ ಎದ್ದು ಹೋಗಿರುತ್ತದೆ. ಸ್ಯಾಡಲ್‌ನ ಮುಂಭಾಗದಲ್ಲೇ ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿ. ಕಂಪನ ಎಲ್ಲಿಂದ ಶುರುವಾಗಬೇಕೋ ಆ ಬಿಂದು ಖಚಿತವಾಗುತ್ತದೆ, ಸ್ವರ ಥಟ್ಟನೆ ಸ್ಪಷ್ಟವಾಗುತ್ತದೆ. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಕ್ಷಣ ಇದು.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ತಂತಿಗೆ ಹತ್ತಿರವಾದಷ್ಟೂ ಸದ್ದು ಹೆಚ್ಚುತ್ತದೆ, ಆದರೆ ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಲುಗಾಡುತ್ತದೆ. ಕೊನೆಯ ಫ್ರೆಟ್ ಒತ್ತಿ ಇ ಕಡೆ 3, ಜಿ ಕಡೆ 2 ಮಿಲಿಮೀಟರ್ ಸಂದು ಬಿಟ್ಟು, ಅಲ್ಲಿಂದ ನಾಲ್ಕೂ ತಂತಿಗಳು ಸಮನಾಗಿ ಕೇಳುವವರೆಗೆ ಕಿವಿಯಿಂದಲೇ ಹೊಂದಿಸಿ. ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ ಸುತ್ತ ಒಂದು ಸ್ವರ ಬೇಗ ಸಾಯುತ್ತಿದ್ದರೆ ಗಾಬರಿಯಾಗಬೇಡಿ; ತಿರುಪಿನಿಂದ ಕೂರಿಸಿದ ನೆಕ್ ಇರುವ ಬಹಳಷ್ಟು ಬೇಸ್‌ಗಳಲ್ಲಿ ಅದು ಮರದ ಗುಣ, ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ. ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಆಕ್ಟಿವ್ ಬೇಸ್ ಆಗಿದ್ದರೆ, ನುಡಿಸದ ಹೊತ್ತಿನಲ್ಲಿ ಕೇಬಲ್ ಕಿತ್ತಿಡಿ. ಕೇಬಲ್ ಚುಚ್ಚಿರುವಷ್ಟು ಕಾಲವೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಈಗ ಆಂಪ್. ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ: ತಂಡದಲ್ಲಿ ಬೇಸ್ ಗಿಟಾರ್ ಕೇಳಿಸಬೇಕಾದರೆ ಬೇಸ್ ಗುಂಡಿಯನ್ನು ಇಳಿಸಿ, ನಡುವಿನ ಸ್ವರಗಳ ಮಿಡ್ ಗುಂಡಿಯನ್ನು ಏರಿಸಿ.

ಬಿಟ್ಟ ಇ ತಂತಿಯ ಮೂಲ ಕಂಪನ 41 ಹರ್ಟ್ಜ್. ಗಾಳಿಯಲ್ಲಿ ಅದರ ಒಂದು ಅಲೆ ಎಂಟು ಮೀಟರಿಗಿಂತ ಉದ್ದ. ಸಣ್ಣ ಪೆಟ್ಟಿಗೆಯೊಳಗಿನ ಸ್ಪೀಕರ್ ಅದನ್ನು ಜೋರಾಗಿ ಹೊರಡಿಸಲಾರದು. ಆದರೂ ಆ ಸ್ವರ ನಮಗೆ ಗೊತ್ತಾಗುತ್ತದೆ, ಏಕೆಂದರೆ ತಂತಿ ಅದರ ಜೊತೆಗೇ 82, 124, 165 ಹರ್ಟ್ಜ್‌ಗಳಲ್ಲೂ ಕಂಪಿಸುತ್ತಿರುತ್ತದೆ; ಆ ಮೇಲಿನ ಪದರಗಳನ್ನು ಕೇಳಿ ಮಿದುಳು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ನೀವು ಬೇಸ್ ಗುಂಡಿಯನ್ನು 10 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ನಿಮ್ಮ 40 ವಾಟ್ ಪೂರ್ತಿ ಅಲ್ಲೇ ಕರಗುತ್ತದೆ, ಸ್ಪೀಕರ್‌ನ ಕೋನ್ ಸುಮ್ಮನೆ ಹಿಂದೆಮುಂದೆ ಒದ್ದಾಡುತ್ತದೆ, ಸ್ವರ ಇಂಥದ್ದೆಂದು ಸಾರುವ ಮೇಲಿನ ಪದರಗಳಿಗೆ ಏನೂ ಉಳಿಯುವುದಿಲ್ಲ.

ಮನೆಯಲ್ಲಿ ಅದೇ ಹೊಂದಾಣಿಕೆ ಹಿತವಾಗಿ ಕೇಳುವುದಕ್ಕೂ ಕಾರಣವಿದೆ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿ ಮಂದ್ರ ಸ್ವರಗಳಿಗೆ ಮಂದ. ಆ ಕೊರತೆ ತುಂಬಲು ಕೈ ತಾನಾಗಿಯೇ ಬೇಸ್ ಗುಂಡಿಗೆ ಹೋಗುತ್ತದೆ. ಸದ್ದು ಏರಿದಂತೆ ಕಿವಿ ಆ ಕೆಳಭಾಗವನ್ನು ಹೆಚ್ಚು ಗ್ರಹಿಸುತ್ತದೆ, ಹಿತವಾಗಿದ್ದದ್ದು ಕೆಸರಾಗುತ್ತದೆ. ಹಾಗಾಗಿ ಟೋನ್ ಹೊಂದಿಸುವುದನ್ನು ಇಡೀ ತಂಡ ನುಡಿಸುತ್ತಿರುವಾಗಲೇ ಮಾಡಿ. ಎಲ್ಲ ಗುಂಡಿಗಳನ್ನೂ ನಡುವಿಗೆ ತಂದು ಶುರುಮಾಡಿ, ಬೇಸ್ ತುಸು ಇಳಿಸಿ, 400ರಿಂದ 800 ಹರ್ಟ್ಜ್ ನಡುವಿನ ಭಾಗವನ್ನು ಏರಿಸಿ. 250 ಹರ್ಟ್ಜ್ ಸುತ್ತ ಗುಮ್ಮೆನ್ನುತ್ತಿದ್ದರೆ ಅಲ್ಲಿ ಕೊಂಚ ತಗ್ಗಿಸಿ. ಒಂಟಿಯಾಗಿ ಕೇಳಿದರೆ ಈ ಧ್ವನಿ ಮೂಗಿನಿಂದ ಬಂದಂತೆ, ಒರಟಾಗಿ ಕೇಳಿಸುತ್ತದೆ. ಇರಲಿ ಬಿಡಿ. ಡ್ರಮ್ಸ್ ಸೇರಿದ ಮರುಕ್ಷಣ ಅದು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಗಿಟಾರ್ ನುಡಿಸುವ ಗೆಳೆಯರಿಗೂ ಅವರ ಆಂಪ್‌ನ ಬೇಸ್ ಇಳಿಸಲು ಹೇಳಿ. ಅವರು ಬಿಟ್ಟುಕೊಟ್ಟ ಆ ಜಾಗವೇ ನಿಮಗೆ ಬೇಕಾದದ್ದು.

ತಂತಿಯ ಬಗೆಯೂ ಇಲ್ಲಿ ಪಾತ್ರ ವಹಿಸುತ್ತದೆ. ಉರುಟು ಎಳೆ ಸುತ್ತಿದ ರೌಂಡ್‌ವೌಂಡ್ ತಂತಿಯಲ್ಲಿ ಮೇಲಿನ ಪದರಗಳು ಹೆಚ್ಚು, ಚಪ್ಪಟೆ ಎಳೆ ಸುತ್ತಿದ ಫ್ಲಾಟ್‌ವೌಂಡ್‌ನಲ್ಲಿ ಕಡಿಮೆ. ಹಾಗೆಂದು ಫ್ಲಾಟ್‌ವೌಂಡ್ ಕೇಳಿಸುವುದಿಲ್ಲ ಎಂದಲ್ಲ. ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಟುಡಿಯೋದಲ್ಲಿ ಅಪರೂಪಕ್ಕೂ ಬದಲಾಯಿಸದ ಫ್ಲಾಟ್‌ವೌಂಡ್ ತಂತಿಗಳಲ್ಲೇ ನುಡಿಸಿದರು, ಆ ಹಾಡುಗಳಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಅವರ ಧ್ವನಿಯ ಜೀವ ಮಿಡ್‌ನಲ್ಲಿತ್ತು.

ಆಂಪ್ ಇಡುವ ಜಾಗವನ್ನೂ ಬದಲಿಸಿ ನೋಡಿ. ಮೂಲೆಯಲ್ಲಿಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಕೆಳಭಾಗವನ್ನು ವಿಪರೀತ ಉಬ್ಬಿಸುತ್ತವೆ. ಗೋಡೆಯಿಂದ ದೂರ ತನ್ನಿ, ಕುರ್ಚಿಯ ಮೇಲಿಡಿ ಅಥವಾ ಮುಖ ಮೇಲಕ್ಕೆ ವಾಲಿಸಿ. ಸ್ಪೀಕರ್ ನಿಮ್ಮ ಮೊಣಕಾಲಿನ ಬಳಿ ಇದ್ದರೆ ಸ್ಪಷ್ಟತೆ ಕಾಲಿಗೆ ಹೋಗುತ್ತದೆ, ಕಿವಿಗೆ ಗುಮ್ಮೆನ್ನುವುದಷ್ಟೇ ಬರುತ್ತದೆ.

ಇಷ್ಟಾದ ಮೇಲೂ ಡ್ರಮ್ಸ್ ನಿಮ್ಮನ್ನು ನುಂಗಿದರೆ, ಆಗ 40 ವಾಟ್ ನಿಜಕ್ಕೂ ಸಾಲದು. ಆದರೆ ವಾಟ್ ದುಪ್ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಎನಿಸಲು ಸುಮಾರು ಹತ್ತು ಪಟ್ಟು ಬೇಕು. 40ರಿಂದ 80ಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ, 200ರಿಂದ 300 ವಾಟ್‌ನದನ್ನು ನೋಡಿ. ಸ್ಪೀಕರ್‌ನ ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಸದ್ದು ಎಂಬ) ಅಂಕಿಯನ್ನೂ ಓದಿ: ಅದು 3 ಡೆಸಿಬೆಲ್ ಹೆಚ್ಚಿದ್ದರೆ ವಾಟ್ ದುಪ್ಪಟ್ಟಾದಷ್ಟೇ ಲಾಭ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವಾಟ್‌ನದು, ಅದರ ಕ್ಯಾಬಿನೆಟ್‌ನಲ್ಲಿ 10 ಅಂಗುಲದ ಎಂಟು ಸ್ಪೀಕರ್‌ಗಳು. ದೊಡ್ಡ ವೇದಿಕೆಯನ್ನು ತಾನೇ ತುಂಬಬೇಕಿದ್ದ ಕಾಲದ ಯಂತ್ರ ಅದು. ಇಂದು ಡಿಐ ಬಾಕ್ಸ್ (ಗಿಟಾರ್‌ನ ಸಂಕೇತವನ್ನು ಮಿಕ್ಸರ್‌ಗೆ ತಕ್ಕಂತೆ ಮಾಡುವ ಪುಟ್ಟ ಪೆಟ್ಟಿಗೆ) ಮೂಲಕ ನಿಮ್ಮ ಸದ್ದು ಮಿಕ್ಸರ್‌ಗೆ ಹೋಗುವ ಕಡೆಯಲ್ಲೆಲ್ಲ ಸಭಾಂಗಣ ತುಂಬುವ ಹೊಣೆ ಅಲ್ಲಿನ ಸ್ಪೀಕರ್‌ಗಳದ್ದು. ನಿಮ್ಮ ಆಂಪ್ ನಿಮಗೂ ಡ್ರಮ್ಸ್ ನುಡಿಸುವವರಿಗೂ ಕೇಳಿಸಿದರೆ ಸಾಕು. ಡಿಐಯಿಂದ ಗುಂಯ್ ಎಂಬ ಸದ್ದು ಬಂದರೆ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ. ಗೋಡೆಯ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಅದು ಪ್ರಾಣಕ್ಕೆ ಕುತ್ತು.

ಹೆಡ್ (ಸ್ಪೀಕರ್ ಇಲ್ಲದ ಆಂಪ್) ಮತ್ತು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಬೇರೆ ಬೇರೆ ಕೊಂಡರೆ ಓಮ್ (ವಿದ್ಯುತ್ ತಡೆಯ ಅಳತೆ) ಲೆಕ್ಕ ನೋಡಿಕೊಳ್ಳಿ. 8 ಓಮ್‌ನ ಎರಡು ಕ್ಯಾಬಿನೆಟ್‌ಗಳನ್ನು ಸಾಮಾನ್ಯವಾಗಿ ಮಾಡುವಂತೆ ಸಮಾಂತರವಾಗಿ ಜೋಡಿಸಿದರೆ ಆಂಪ್‌ಗೆ ಕಾಣುವುದು 4 ಓಮ್. ಆಂಪ್‌ನ ಹಿಂಬದಿಯಲ್ಲಿ ಬರೆದಿರುವ ಕನಿಷ್ಠಕ್ಕಿಂತ ಕೆಳಗೆ ಹೋಗಬಾರದು. ಹೆಡ್ ಮತ್ತು ಕ್ಯಾಬಿನೆಟ್ ನಡುವೆ ಗಿಟಾರ್ ಕೇಬಲ್ ಹಾಕಬೇಡಿ. ಹೊರಗಿನಿಂದ ಒಂದೇ ರೀತಿ ಕಂಡರೂ ಅದರ ಒಳತಂತಿ ಕೂದಲೆಳೆಯಂತೆ ತೆಳು, ಅಷ್ಟು ವಿದ್ಯುತ್ ಹರಿದರೆ ಬಿಸಿಯಾಗುತ್ತದೆ. ಸ್ಪೀಕರ್ ಕೇಬಲನ್ನೇ ಬಳಸಿ. ಗಾಜಿನ ಕೊಳವೆಗಳಿಂದ ನಡೆಯುವ ವಾಲ್ವ್ ಆಂಪ್ ಆಗಿದ್ದರೆ ಸ್ಪೀಕರ್ ಜೋಡಿಸದೆ ಒಂದು ಸ್ವರವನ್ನೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.