ಬಡಾವಣೆ ಬದಲಾಗಿದೆ, ಸರಾಸರಿ ನಂಬಬಹುದೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಈಜಿಪುರದಲ್ಲಿ ವಠಾರಗಳು ಹೋಗಿ ಪಿಜಿ, ಅಪಾರ್ಟ್‌ಮೆಂಟ್ ಬಂದಿವೆ. ಹಳೆಯ ನಿವಾಸಿಗಳ ಆದಾಯವೂ ಏರಿದೆಯೇ? ಅಂಕಿಅಂಶದಿಂದ ತಿಳಿಯುವುದು ಹೇಗೆ?

ಉತ್ತರ: ಜನಗಣತಿಯಲ್ಲಿ ಆದಾಯ ಕೇಳುವುದೇ ಇಲ್ಲ. ಗಣತಿಯವರು ಮಾಡುವ ಮನೆಪಟ್ಟಿಯಲ್ಲಿರುವ ದ್ವಿಚಕ್ರ ವಾಹನ, ಕಾರು, ನಲ್ಲಿ ನೀರು, ಬಾಡಿಗೆಯೋ ಸ್ವಂತವೋ ಎಂಬ ವಿವರಗಳಿಂದಲೇ ಅಂದಾಜಿಸಬೇಕು. 2001 ಮತ್ತು 2011ರ ವಾರ್ಡ್ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಆಗ ನಗರದಲ್ಲಿ 100 ವಾರ್ಡ್, ಆಮೇಲೆ 198. ಹೆಸರು ಅದೇ ಇದ್ದರೂ ಗಡಿ ಬೇರೆ. ಮೊದಲು ಎರಡೂ ನಕ್ಷೆ ಪಕ್ಕಪಕ್ಕ ಇಟ್ಟು ನೋಡಿ. 2021ರ ಗಣತಿ ನಡೆಯಲೇ ಇಲ್ಲವಾದ್ದರಿಂದ ಆಮೇಲಿನದಕ್ಕೆ ನೀವೇ ಮನೆ ಮನೆ ಸಮೀಕ್ಷೆ ಮಾಡಬೇಕಾದೀತು.

ಹೆಚ್ಚಿನವರು ಎಡವುವುದು ಸರಾಸರಿಯಲ್ಲಿ. ಹತ್ತು ಮನೆಗಳಲ್ಲಿ ಎಂಟಕ್ಕೆ ತಿಂಗಳಿಗೆ 20,000 ರೂಪಾಯಿ, ಹೊಸದಾಗಿ ಬಂದ ಎರಡಕ್ಕೆ 2 ಲಕ್ಷ ಎನ್ನಿ. ಸರಾಸರಿ 56,000! ಆದರೆ ಆದಾಯವನ್ನು ಏರಿಕೆ ಕ್ರಮದಲ್ಲಿ ಬರೆದರೆ ನಡುವೆ ಸಿಗುವುದು 20,000ವೇ. ಹಳಬರ ಕೈಗೆ ಏನೂ ಬಂದಿಲ್ಲ, ಬಾಡಿಗೆ ಮಾತ್ರ ಏರಿರುತ್ತದೆ. ಹಾಗಾಗಿ ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ತಪ್ಪದೆ ಕೇಳಿ, ಹಳಬರು, ಹೊಸಬರ ಲೆಕ್ಕ ಬೇರೆ ಬೇರೆ ಹಾಕಿ. ಪಿಜಿಯ ಒಂದೊಂದು ಹಾಸಿಗೆಯನ್ನೂ ಒಂದು ಕುಟುಂಬವೆಂದು ಎಣಿಸಬೇಡಿ. ಮನೆ ಖಾಲಿ ಮಾಡಿ ಹೋದವರು ನಿಮ್ಮ ಸಮೀಕ್ಷೆಗೆ ಸಿಗುವುದಿಲ್ಲ. ಅವರ ಬಗ್ಗೆ ಅಕ್ಕಪಕ್ಕದ ಮನೆಗಳಲ್ಲೇ ವಿಚಾರಿಸಿ.