ಅಗ್ಗದ ಸಿಹಿ ವೈನಿನ ಜಾಮಿನಂತಹ ವಾಸನೆಯ ಬಗ್ಗೆ

ದಿನಬಳಕೆಗೆಂದು ಬೆಂಗಳೂರಿನಲ್ಲಿ ಕೊಂಡ ಅಗ್ಗದ ಸಿಹಿ ಕೆಂಪು ವೈನು ದ್ರಾಕ್ಷಿ ಜಾಮಿನಂತೆ ಘಮಘಮಿಸುತ್ತಿದೆ, ಇದು ಬೆರೆಸಿದ ಸುಗಂಧವೇ ಎಂದು ಕೇಳಿದ್ದೀರಿ. ಬಾಟಲಿಯ ಮೇಲೆ ಬೆಂಗಳೂರು ನೀಲಿ ದ್ರಾಕ್ಷಿಯ ಹೆಸರಿದ್ದರೆ ಹಾಗೆ ಶಂಕಿಸಬೇಕಾಗಿಲ್ಲ. 2013ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಈ ತಳಿಯಲ್ಲಿ ಅಮೆರಿಕ ಮೂಲದ ಲ್ಯಾಬ್ರುಸ್ಕಾ ದ್ರಾಕ್ಷಿಯ ಅಂಶವಿರುವುದರಿಂದ, ಯುರೋಪಿನ ಕ್ಯಾಬರ್ನೆ ಅಥವಾ ಶಿರಾಜ್ ತಳಿಗಳಲ್ಲಿ ಕಾಣದ ಆ ಗಾಢ ಪರಿಮಳ ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಪರಿಣತರು ಇದನ್ನು ಒರಟೆನ್ನುತ್ತಾರೆ, ಆದರೆ ಮದುವೆಮನೆಗೆ ಅತ್ತರು ಹಚ್ಚಿಕೊಂಡು ಬಂದ ಸೋದರಮಾವನಂತೆ ಬಾಗಿಲಲ್ಲೇ ತನ್ನ ಆಗಮನ ಸಾರುವ ಈ ವೈನು ನನಗೆ ನಿಜವಾಗಿಯೂ ಪ್ರಿಯ.

ಅದನ್ನು ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಿರಿ, ಸಿಹಿಯ ಭಾರ ಇಳಿಯುತ್ತದೆ. ಒಣ, ಅಂದರೆ ಸಿಹಿಯಿಲ್ಲದ, ಕೆಂಪು ವೈನಿಗೂ ನಮ್ಮ ಬೇಸಿಗೆಯ ಕೋಣೆ ತೀರಾ ಬಿಸಿಯೇ. ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತವಾದ್ದರಿಂದ, ಬಡಿಸುವ ಮುನ್ನ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಖಾರದ ಕೋಳಿಸಾರಿನ ಜೊತೆ ಮಾತ್ರ ಕೆಂಪನ್ನು ಬಿಟ್ಟು ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು ಆರಿಸಿಕೊಳ್ಳಿ, ಏಕೆಂದರೆ ಕೆಂಪು ವೈನಿನ ಒಗರು ಮೆಣಸಿನಕಾಯಿಯ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ತೆರೆದ ಬಾಟಲಿಯನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಿ.